ಬುಡ್ತೀನಿ ಅಂದಿದ್ದು

ನಮ್ಮ ಸೌದೆ ಡಿಪೋಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಸೌದೆಯ ದರವನ್ನಲ್ಲ. ತಕ್ಕಡಿಯ ತಟ್ಟೆಯ ಮೇಲೆ ಟಗರು ಮಲಗಿದೆಯಲ್ಲ, ಅದನ್ನೂ ಮಾರ್ತೀರಾ ಅಂತ ಕೇಳುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಇದನ್ನೇ ಕೇಳಿದರೆ ಯಾರಿಗಾದರೂ ಮೈ ಉರಿಯುವುದಿಲ್ಲವೇ? ನನಗಂತೂ ಉರಿಯುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಸಲ ಕೂತು ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಸೌದೆ ಇಲ್ಲ.

ನನ್ನ ಬಾಯಿ ಜೋರು ಅಂತ ಬನ್ನಿಮಂಟಪದ ಸುತ್ತಮುತ್ತ ಎಲ್ಲರಿಗೂ ಗೊತ್ತು. ಮಂಗಳಮ್ಮನ ಡಿಪೋ ಎಲ್ಲಿ ಅಂತ ಕೇಳಿದರೆ ಸದ್ದು ಬರುವ ಕಡೆ ಹೋಗಿ ಅನ್ನುತ್ತಾರಂತೆ. ಅನ್ನಲಿ. ಹಸಿ ಸೌದೆ ತಂದು ಒಣಗಿದ್ದು ಅಂತ ಸಾಧಿಸುವ ಗಾಡಿಯವರು, ಅರ್ಧ ಮಣ ಕೊಂಡು ಕೊಸರಿಗೆ ಕೈ ಚಾಚುವ ಗಿರಾಕಿಗಳು, ಇವರ ನಡುವೆ ಬಾಯಿ ಮುಚ್ಚಿಕೊಂಡು ಕೂತರೆ ವ್ಯಾಪಾರ ಆದ ಹಾಗೇ. ಡಿಪೋ ಹೆಸರಿಗೆ ನಮ್ಮ ಯಜಮಾನರದು. ಅವರ ಹೆಸರನ್ನು ನಾನು ಬಾಯಲ್ಲಿ ಹೇಳುವ ಹಾಗಿಲ್ಲ, ಬರೆದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ: ಮಹದೇವು. ಹಸುವಿನಂಥ ಮನುಷ್ಯ. ಗಿರಾಕಿ ಕೊಸರು ಕೇಳುವ ಮೊದಲೇ ಎರಡು ತುಂಡು ಎತ್ತಿ ಹಾಕಿಬಿಡುತ್ತಾರೆ. ಹಾಗಾಗಿ ತಕ್ಕಡಿಯ ಹತ್ತಿರ ನಾನೇ ಇರಬೇಕು.

ಮನೆಯಲ್ಲಿ ಇರುವ ಇನ್ನೊಬ್ಬರು ನಮ್ಮತ್ತೆ ಪುಟ್ಟತಾಯಮ್ಮ. ಅವರಿಗೆ ಇವರೊಬ್ಬರೇ ಮಗ. ನಾನು ಹತ್ತು ಮಾತಾಡಿದರೆ ಅತ್ತೆ ಒಂದು ಮಾತಾಡುತ್ತಾರೆ, ಆ ಒಂದರ ಮುಂದೆ ನನ್ನ ಹತ್ತೂ ನಿಲ್ಲುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇದು ನನಗೆ ದೊಡ್ಡ ಹೊಟ್ಟೆಯುರಿಯಾಗಿತ್ತು. ಆಮೇಲೆ ಅಭ್ಯಾಸವಾಯಿತು.

ವಿಶಾಲ ಮೈಸೂರು ರಾಜ್ಯ ಆಯಿತಲ್ಲ, ಆ ವರ್ಷದ ಆಷಾಢದಲ್ಲಿ ನಮ್ಮ ಯಜಮಾನರು ಮಳೆಯಲ್ಲಿ ನೆನೆದು ಬಂದು ಮಲಗಿದವರು ಏಳಲಿಲ್ಲ. ಜ್ವರ ಏರುತ್ತಲೇ ಹೋಯಿತು. ಡಾಕ್ಟರು ಬಂದು ನೋಡಿ ವಿಷಮಶೀತಜ್ವರ ಅಂದರು, ಗಂಜಿ ಬಿಟ್ಟು ಏನೂ ಕೊಡಬೇಡಿ, ಈ ವಾರ ಕಳೆಯಲಿ ಆಮೇಲೆ ಹೇಳುತ್ತೇನೆ ಅಂದು ಹೊರಟುಹೋದರು. ಆ ‘ಆಮೇಲೆ’ ಕೇಳಿದವಳೇ ನಾನು ಅಡಿಗೆಮನೆಗೆ ಓಡಿದೆ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಅತ್ತೆ ನನ್ನ ಮಗ್ಗುಲಲ್ಲೇ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ಮಾರಮ್ಮನ ಗುಡಿಯ ದಿಕ್ಕಿಗೆ ತಿರುಗಿ, ಎರಡು ಕೈಯೆತ್ತಿ, ಅಳುತ್ತಲೇ ಹರಕೆ ಹೊತ್ತೆ. ಇವರನ್ನು ಉಳಿಸಿಕೊಡು ತಾಯಿ, ನಿನಗೊಂದು ಮರಿ ಅಂದದ್ದು ನೆನಪಿದೆ. ಆಮೇಲೆ ಬಾಯಲ್ಲಿ ಏನು ಬಂತೋ ನನಗೇ ಗೊತ್ತಿಲ್ಲ. ಮಾರಮ್ಮನಿಗೆ ಮರಿ ಅಂದ ಮೇಲೆ ಇನ್ನೇನು ಬರುತ್ತದೆ? ಮಾರಿಹಬ್ಬದ ದಿನ ಗುಡಿಯ ಮುಂದೆ ಮರಿ ಹೊಡೆಯುವುದು, ನೆಂಟರಿಷ್ಟರಿಗೆ ಬಾಡೂಟ ಹಾಕುವುದು. ಎಲ್ಲರೂ ಮಾಡುವುದು ಅದೇ.

ಅಮ್ಮ ಕಣ್ಣು ಬಿಟ್ಟಳು. ಜ್ವರ ಇಳಿಯಿತು. ಇವರು ಎದ್ದು ಕೂತವರೇ ನಿಂಬೆಕಾಯಿ ಉಪ್ಪಿನಕಾಯಿ ಇದೆಯಾ ಅಂತ ಕೇಳಿದರು. ಸಾಯೋ ಹಾಗೆ ಮಲಗಿದ್ದವರಿಗೆ ಮೊದಲು ನೆನಪಾದದ್ದು ಉಪ್ಪಿನಕಾಯಿಯಾ ಅಂತ ನಾನು ಅಳುತ್ತಾ ಬೈದೆ. ಅತ್ತೆ ಅಟ್ಟದಿಂದ ಜಾಡಿ ಇಳಿಸಿದರು.

ಮರಿ ಬಂದದ್ದು ದಸರೆಗೆ ಒಂದು ತಿಂಗಳ ಮುಂಚೆ. ತಂದವರು ಕೃಷ್ಣಪ್ಪ ಮಾವ, ಅಂದರೆ ನಮ್ಮತ್ತೆಯ ತಮ್ಮ, ಕಡಕೊಳದವರು. ಮರಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನ ರೈಲಿನಲ್ಲಿ ಬಂದರಂತೆ. ಯಾರೋ ಕೇಳಿದ್ದಕ್ಕೆ ಮೊಮ್ಮಗು, ಮೈ ಹುಷಾರಿಲ್ಲ ಅಂದರಂತೆ. ಅದು ‘ಮ್ಯಾ’ ಅಂದಾಗ ಏನು ಮಾಡಿದರೋ ಆ ದೇವರೇ ಬಲ್ಲ. ಕೃಷ್ಣಪ್ಪ ಮಾವನಿಗೆ ಬಾಡೂಟ ಅಂದರೆ ಪ್ರಾಣ. ಕಂಬಳಿ ಬಿಚ್ಚಿದವರೇ ಮರಿಯ ಬೆನ್ನನ್ನು ಎರಡು ಬೆರಳಲ್ಲಿ ಹಿಚುಕಿ, ಮಾರಿಹಬ್ಬದ ಹೊತ್ತಿಗೆ ಐವತ್ತು ಎಲೆಗೆ ಆಗ್ತದೆ ನೋಡು ಅಂದರು. ಆಮೇಲೆ ಬಂದಾಗಲೆಲ್ಲ ಅದೇ ಕೆಲಸ. ಚಪ್ಪಲಿ ಬಿಡುವ ಮೊದಲೇ ಬೆನ್ನು ಹಿಚುಕುವುದು.

ಅತ್ತೆ ಒಂದೇ ಮಾತು ಹೇಳಿದ್ದರು: ಹರಕೆ ಮರಿಗೆ ಹೆಸರಿಡಬೇಡ. ಸರಿ, ನಾನು ಇಡಲಿಲ್ಲ. ಆದರೆ ಆ ಮರಿ ಮಾಡಿದ್ದೇನು ಕಡಿಮೆಯೇ! ಹುಣಸೆ ಸೌದೆಯ ತೊಗಟೆ ಸುಲಿದು ತಿಂದಿತು. ನಾನು ಹಿತ್ತಿಲಲ್ಲಿ ಜೋಪಾನ ಮಾಡಿದ್ದ ಮಲ್ಲಿಗೆ ಬಳ್ಳಿಯನ್ನು ಬುಡದವರೆಗೂ ಬೋಳಿಸಿತು. ಒಗೆದು ಹರವಿದ್ದ ಸೀರೆಯ ಸೆರಗನ್ನು ಅಗಿದು ಹಾಕಿತು. ಸೌದೆ ತೂಗುವ ಹೊತ್ತಿಗೆ ಸರಿಯಾಗಿ ಹೋಗಿ ತಕ್ಕಡಿಯ ತಟ್ಟೆಯ ಮೇಲೆ ಮಲಗುತ್ತಿತ್ತು. ಏಳು ಮೂದೇವಿ, ಇಳಿ ಮೂದೇವಿ, ನಿನ್ನ ಮುಖ ತೊಳೆಯ ಮೂದೇವಿ ಅಂತ ದಿನಕ್ಕೆ ನೂರು ಸಲ ಬೈದೆ. ಒಂದು ದಿನ ಗಾಡಿಯವನೊಬ್ಬನನ್ನು ನೋಡಿ, ಎಲ್ಲಿ ಹೋಗಿದ್ದೆಯೋ ಮೂದೇವಿ ಅಂದೆ. ಸೌದೆಯ ರಾಶಿಯ ಹಿಂದಿನಿಂದ ಮರಿ ಓಡೋಡಿ ಬಂದು ನನ್ನ ಮುಂದೆ ನಿಂತಿತು. ಗಾಡಿಯವನು ಬಿದ್ದು ಬಿದ್ದು ನಕ್ಕ. ಅಲ್ಲಿಗೆ ಹೆಸರಿಟ್ಟ ಹಾಗಾಯಿತು.

ಮೂದೇವಿ ನಾನು ನಲ್ಲಿಗೆ ಹೋದರೆ ನಲ್ಲಿಗೆ ಬರುತ್ತಿತ್ತು, ಅಂಗಡಿಗೆ ಹೋದರೆ ಅಂಗಡಿಗೆ ಬರುತ್ತಿತ್ತು. ದಸರೆಯ ಪಂಜಿನ ಕವಾಯತಿನ ದಿನ ಬೀದಿಯ ತುಂಬ ಜನ ಸೇರಿ ಗದ್ದಲವಾದಾಗ ನನ್ನ ಸೆರಗಿನೊಳಗೆ ತಲೆ ತೂರಿಸಿ ನಡುಗುತ್ತಾ ನಿಂತಿತ್ತು. ಹೊಟ್ಟೆಯ ಹತ್ತಿರ ಅದರ ಬಿಸಿಯುಸಿರು. ನೇರವಾಗಿ ಹೇಳಿಬಿಡುತ್ತೇನೆ, ನನಗೇನು ನಾಚಿಕೆ: ಅವತ್ತಿನಿಂದ ಆ ಮರಿಯ ಮೇಲೆ ನನಗೆ ಜೀವ ಬಂದುಬಿಟ್ಟಿತು. ಅದು ಹಬ್ಬಕ್ಕೆ ಬಲಿಯಾಗುತ್ತದೆ ಅಂತ ನೆನೆದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಉಣ್ಣುತ್ತಿರುವ ಗಂಡನನ್ನು ನೋಡಿದರೆ, ಹರಕೆ ತಪ್ಪಿಸಿದರೆ ಇವರ ಗತಿಯೇನು ಅಂತ ಇನ್ನೊಂದು ಭಯ. ಈ ಎರಡು ಭಯಗಳ ನಡುವೆ ಸಿಕ್ಕಿಕೊಂಡು ನಾನು ಎಲ್ಲರ ಮೇಲೂ ಎರಡರಷ್ಟು ಕೂಗಾಡಿದೆ.

ಇವರಿಗೆ ನನ್ನ ಕಷ್ಟ ತಿಳಿಯಿತು. ಒಂದು ದಿನ ಊಟದ ಹೊತ್ತಿನಲ್ಲಿ, ಮರಿಯ ಬದಲು ಬೂದುಗುಂಬಳಕಾಯಿ ಒಡೆದರೆ ಆಗುವುದಿಲ್ಲವೇ ಅಂತ ಮೆಲ್ಲಗೆ ತೆಗೆದರು. ಅತ್ತೆ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟರು.

“ಅದು ನಿನ್ನ ಪ್ರಾಣ ಕಣೋ. ಸೌದೆ ತೂಗೋ ತಕ್ಕಡೀಲಿ ತೂಗ್ಬ್ಯಾಡ” ಅಂದರು.

ಅದಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ಕಡೆ ಒಂದು ಕಟ್ಟಳೆ ಇದೆ. ಮರಿಗೆ ಅರಿಶಿನ ಕುಂಕುಮ ಇಟ್ಟು, ಬೇವಿನ ಸೊಪ್ಪಿನ ಹಾರ ಹಾಕಿ, ಗುಡಿಯ ಮುಂದೆ ನಿಲ್ಲಿಸಿ ಮೈಮೇಲೆ ತೀರ್ಥ ಹುಯ್ಯುತ್ತಾರೆ. ಮರಿ ಮೈ ಒದರಬೇಕು. ಒದರಿದರೆ ಅಮ್ಮ ಹರಕೆ ಒಪ್ಪಿದಳು ಅಂತ ಲೆಕ್ಕ. ಒದರುವ ತನಕ ಕತ್ತಿ ಎತ್ತುವ ಹಾಗಿಲ್ಲ. ನೀರು ಬಿದ್ದರೆ ಯಾವ ಕುರಿಯಾದರೂ ಒದರುತ್ತದೆ, ಅದರಲ್ಲೇನಿದೆ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡ ಮರುಗಳಿಗೆಯೇ ನನ್ನ ತಲೆಯಲ್ಲಿ ಒಂದು ಯೋಚನೆ ಬಂತು. ನೀರು ಕಾಣದ ಕುರಿ ಒದರುತ್ತದೆ, ಸರಿ. ದಿನಾ ಮೀಯುವ ಕುರಿ ಯಾಕೆ ಒದರುತ್ತದೆ?

ಸಂಕ್ರಾಂತಿಯಿಂದ ಶುರುಮಾಡಿದೆ. ದಿನಾ ಬೆಳಿಗ್ಗೆ ಹಂಡೆಯಿಂದ ನೀರು ಮೊಗೆದು, ಸೀಗೆಪುಡಿ ಹಾಕಿ ಉಜ್ಜಿ ಮೂದೇವಿಗೆ ಸ್ನಾನ. ಮೊದಮೊದಲು ಒದರಿ ಒದರಿ ನನ್ನನ್ನೂ ಮೀಯಿಸಿತು. ಬರುಬರುತ್ತಾ ಕಣ್ಣು ಮುಚ್ಚಿಕೊಂಡು, ಎಣ್ಣೆನೀರು ಹಾಕಿಸಿಕೊಳ್ಳುವ ಅಳಿಯನ ಹಾಗೆ ನಿಲ್ಲತೊಡಗಿತು. ಕೇಳಿದವರಿಗೆ ದೇವರ ಮರಿ ಮಡಿಯಲ್ಲಿರಬೇಕು ಅನ್ನುತ್ತಿದ್ದೆ. ಅತ್ತೆ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಸೌದೆ ದಂಡ ಅಂತ ಬೈಯುತ್ತಾರೇನೋ ಅಂತ ಕಾದೆ. ಬೈಯಲಿಲ್ಲ. ಬೆನ್ನಿಗೆ ಹುಯ್ದರೆ ಸಾಲದು, ತಲೆಗೂ ಹುಯ್ಯಿ ಅಂದರು, ಅಷ್ಟೆ. ಅವರು ಮಡಿಯ ಮಾತನ್ನು ನಂಬಿಬಿಟ್ಟರಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ. ಆದರೂ ತಂಬಿಗೆ ಎತ್ತಿದಾಗಲೆಲ್ಲ ತಪ್ಪಾಯಿತು ತಾಯಿ ಅಂತ ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅಮ್ಮನ ಕಣ್ಣಿಗೆ ಮಣ್ಣೆರಚುವುದು ಅಂದರೆ ಹುಡುಗಾಟವೇ? ಇವರು ಒಂದು ಸಲ ಸೀನಿದರೆ ಓಡಿ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ.

ಮಾರಿಹಬ್ಬ ಬಂದೇಬಿಟ್ಟಿತು. ಕೃಷ್ಣಪ್ಪ ಮಾವ ಹಿಂದಿನ ದಿನವೇ ಬಂದು ಮಸಾಲೆ ಅರೆಸುವುದಕ್ಕೆ ನಿಂತರು. ಅಂಗಳದಲ್ಲಿ ಕೊಪ್ಪರಿಗೆ ಇಟ್ಟು ಒಲೆ ಹೂಡಿದ್ದರು. ನೆಂಟರು ತುಂಬಿದರು. ಬೆಳಿಗ್ಗೆ ನಾನು ಮೂದೇವಿಗೆ ಕೊನೆಯ ಸ್ನಾನ ಮಾಡಿಸಿ, ಹಣೆಗೆ ಕುಂಕುಮ ಇಟ್ಟೆ. ಅದು ನನ್ನ ಕೈ ನೆಕ್ಕಿತು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಗುಡಿ ದೊಡ್ಡದೇನಲ್ಲ, ಬೇವಿನ ಮರದ ಕೆಳಗೆ ನಾಲ್ಕು ಗೋಡೆ. ಪೂಜಾರಿ ಹುಚ್ಚಯ್ಯ, ವಯಸ್ಸಾದವನು, ಮಾತು ನಿಧಾನ. ಕತ್ತಿ ಹಿಡಿಯುವವನು ಚಾಮಯ್ಯ. ಹುಚ್ಚಯ್ಯ ಮಂಗಳಾರತಿ ಮಾಡಿ ಹೊರಗೆ ಬಂದು, ಅಮ್ಮನ ಹೆಸರು ಹೇಳಿ, ಮೂದೇವಿಯ ಮೈಮೇಲೆ ಒಂದು ಚೊಂಬು ನೀರು ಹುಯ್ದ. ಜನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಮೂದೇವಿ ಕಣ್ಣು ಮುಚ್ಚಿತು. ಇನ್ನೊಂದು ಚೊಂಬು ಹುಯ್ದ. ಮೂದೇವಿ ಕತ್ತನ್ನು ಸ್ವಲ್ಪ ಮುಂದೆ ಚಾಚಿತು, ತಲೆಗೂ ಹುಯ್ಯಿ ಅನ್ನುವ ಹಾಗೆ. ಮತ್ತೊಂದು ಚೊಂಬು. ಸೀಗೆಪುಡಿ ಎಲ್ಲಿ ಅಂತ ಅದು ನನ್ನ ಕಡೆ ನೋಡಿತು. ನನಗೆ ನಗುವೋ ಅಳುವೋ ತಿಳಿಯದೆ ಸೆರಗು ಕಚ್ಚಿಕೊಂಡೆ. ಜನರಲ್ಲಿ ಗುಸುಗುಸು ಶುರುವಾಯಿತು. ಅಮ್ಮ ಒಲ್ಲೆ ಅಂತಾಳೆ, ಏನೋ ಮೈಲಿಗೆಯಾಗಿರಬೇಕು ಅಂತ ಒಬ್ಬರು ಅಂದರೆ, ಕಾಯಿ ಒಡೆದು ಮರಿಯನ್ನು ಮನೆಗೆ ಹೊಡೆದುಕೊಂಡು ಹೋಗಲಿ ಅಂತ ಇನ್ನೊಬ್ಬರು. ನಾನು ಮನಸ್ಸಿನಲ್ಲೇ ಆ ಇನ್ನೊಬ್ಬರಿಗೆ ಅರ್ಧ ಮಣ ಸೌದೆ ಕೊಸರು ಕೊಟ್ಟೆ.

ಆಗ ಕೃಷ್ಣಪ್ಪ ಮಾವನಿಗೆ ತಡೆಯಲಾಗಲಿಲ್ಲ. ಅಂಗಳದ ಕೊಪ್ಪರಿಗೆ ಅವರ ಕಣ್ಣ ಮುಂದೆ ಬಂದಿರಬೇಕು. ಮುಂದೆ ನುಗ್ಗಿ, ಹುಚ್ಚಯ್ಯನ ಕೈಯಿಂದ ಚೊಂಬು ಕಿತ್ತುಕೊಂಡು, ಉಳಿದಿದ್ದ ನೀರನ್ನೆಲ್ಲ ಮೂದೇವಿಯ ಕಿವಿಯೊಳಕ್ಕೆ ಸುರಿದರು.

ಕಿವಿಗೆ ನಾನು ಯಾವತ್ತೂ ನೀರು ಹಾಕಿರಲಿಲ್ಲ. ಮೂದೇವಿ ತಲೆಯಿಂದ ಬಾಲದ ತುದಿಯವರೆಗೆ ಒದರಿತು. ಹಾರದ ಬೇವಿನ ಸೊಪ್ಪು ನಾಲ್ಕೂ ಕಡೆ ಸಿಡಿಯಿತು. ಒದರ್ತು ಒದರ್ತು ಅಂತ ಜನ ಕೂಗಿದರು. ತಮಟೆ ಎದ್ದಿತು. ಚಾಮಯ್ಯ ಕತ್ತಿ ಕೈಗೆ ತೆಗೆದುಕೊಂಡ.

ನಾನು ಕಿರುಚಬೇಕಿತ್ತು. ಊರನ್ನೆಲ್ಲ ಬೈದ ಬಾಯಿ ಇದು. ಪೊಲೀಸರ ಜೊತೆ ಜಗಳವಾಡಿದ್ದೇನೆ, ಮುನಿಸಿಪಾಲಿಟಿಯವರನ್ನು ಬಾಗಿಲಿನಿಂದ ಓಡಿಸಿದ್ದೇನೆ. ಆದರೆ ಅವತ್ತು ಒಂದು ಸೊಲ್ಲು ಹೊರಡಲಿಲ್ಲ. ಒಂದು ಕಡೆ ಮೂದೇವಿ ನನ್ನನ್ನೇ ನೋಡುತ್ತಾ ನಿಂತಿದೆ. ಇನ್ನೊಂದು ಕಡೆ ಇವರು, ಜ್ವರದಲ್ಲಿ ಉದುರಿದ ಕೂದಲು ಈಗ ತಾನೇ ಚಿಗುರಿರುವ ತಲೆ ಬಗ್ಗಿಸಿ ನಿಂತಿದ್ದಾರೆ. ಬೇಡ ಅಂದರೆ ಇವರು, ಸುಮ್ಮನಿದ್ದರೆ ಅದು. ನನ್ನ ನಾಲಿಗೆ ಒಣಗಿಹೋಯಿತು. ಕಣ್ಣಿಂದ ನೀರು ಸುಮ್ಮನೆ ಸುರಿಯುತ್ತಿತ್ತು.

ಆಗ ಅತ್ತೆ ಗುಂಪಿನಿಂದ ಹೊರಗೆ ಬಂದರು. ಅವಸರವಿಲ್ಲದೆ ನಡೆದು ಹೋಗಿ ಚಾಮಯ್ಯನಿಗೂ ಮರಿಗೂ ನಡುವೆ ನಿಂತರು. ತಮಟೆಯವರಿಗೆ ಕೈ ತೋರಿಸಿದರು. ತಮಟೆ ನಿಂತಿತು.

“ಹುಚ್ಚಯ್ಯ, ಮರಿ ಒದರ್ತಲ್ಲ, ಅಮ್ಮ ಏನನ್ನ ಒಪ್ಕೊಂಡ್ಲು?”

“ಹರಕೆನ ಒಪ್ಕೊಂಡ್ಲು ಕಣವ್ವ.”

“ಏನಂತ ಹರಕೆ?”

ಹುಚ್ಚಯ್ಯ ತಲೆ ಕೆರೆದುಕೊಂಡ. ಅದನ್ನು ಅವನಿಗೆ ಯಾರು ಹೇಳಿದ್ದರು?

“ನನ್ನ ಸೊಸೆ ಹರಕೆ ಹೊತ್ತಾಗ ನಾನು ಮಗ್ಗುಲಲ್ಲೇ ನಿಂತಿದ್ದೆ” ಅಂದರು ಅತ್ತೆ. “ಮರಿ ಬುಡ್ತೀನಿ ಅಂದ್ಲು. ಹೊಡೀತೀನಿ ಅನ್ನಲಿಲ್ಲ. ಅಮ್ಮ ಒಪ್ಪಿರೋದು ಬುಡೋದನ್ನ.”

ಕೃಷ್ಣಪ್ಪ ಮಾವನ ಕೈಯಿಂದ ಚೊಂಬು ಜಾರಿತು. ಮಾರಮ್ಮನಿಗೆ ಮರಿ ಬುಡ್ತೀನಿ ಅಂದರೂ ಹೊಡೀತೀನಿ ಅಂದರೂ ಒಂದೇ ಅಲ್ಲವೇ ಅಕ್ಕ, ಹಿಂದಿನಿಂದಲೂ ಎಲ್ಲರೂ ಹಾಗೇ ಅನ್ನುವುದು ಅಂತ ಗೋಗರೆದರು. ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ‘ಅಮ್ಮನಿಗೆ ಬುಟ್ಟ ಮರಿ’ ಅಂದರೆ ಹಬ್ಬಕ್ಕೆ ಮೀಸಲಾದ ಮರಿ ಅಂತಲೇ. ಜನವೂ ಹೌದು ಹೌದು ಅಂತ ತಲೆಯಾಡಿಸಿತು.

ಅತ್ತೆ ತಮ್ಮನ ಕಡೆ ತಿರುಗಿದರು.

“ದೇವ್ರಿಗೆ ಬಸವನ ಬುಡ್ತೀವಿ ಅಂತೀವಲ್ಲ ಕೃಷ್ಣ. ಬುಟ್ಟ ಬಸವನ ಹೊಡೀತೀಯಾ?”

ದೇವರ ಬಸವ ಅಂದರೆ ಗೊತ್ತಲ್ಲ, ಯಾರ ಹೊಲಕ್ಕೆ ಹೋದರೂ ಕೈ ಮುಗಿಯುತ್ತಾರೆ, ಅದರ ಮೇಲೆ ಒಂದು ಕಡ್ಡಿ ಎತ್ತುವುದಿಲ್ಲ. ಕೃಷ್ಣಪ್ಪ ಮಾವ ಬಿದ್ದ ಚೊಂಬನ್ನು ಎತ್ತಿ ಹುಚ್ಚಯ್ಯನ ಕೈಗೆ ಕೊಟ್ಟರು. ಹುಚ್ಚಯ್ಯ ನನ್ನನ್ನು ನೋಡಿ, ನಿಜವೇನವ್ವ ಅಂತ ಕೇಳಿದ. ನನಗೆ ಮಾತೇ ಬರುತ್ತಿರಲಿಲ್ಲವಲ್ಲ, ಅಮ್ಮನ ಕಡೆ ತಿರುಗಿ ಎರಡೂ ಕೈ ಜೋಡಿಸಿದೆ. ಹುಚ್ಚಯ್ಯ ಗುಡಿಯೊಳಗೆ ಹೋಗಿ ಅಮ್ಮನ ಮುಂದೆ ನಿಂತು ಬಂದ.

“ಅಮ್ಮ ಒಪ್ಪವ್ಳೆ. ಬುಡ್ರಪ್ಪ” ಅಂದ.

ಚಾಮಯ್ಯನಿಗೆ ಒಂದು ತೊಡಕು. ಗುಡಿಯ ಮುಂದೆ ಕತ್ತಿ ಹಿಡಿದ ಮೇಲೆ ಏನನ್ನೂ ಕಡಿಯದೆ ಕೆಳಗಿಡುವ ಹಾಗಿಲ್ಲವಂತೆ. ಅತ್ತೆ ಮರಿಯ ಕೊರಳ ಹಗ್ಗವನ್ನು ಎಳೆದು ಹಿಡಿದರು. ಚಾಮಯ್ಯ ನಕ್ಕು ಒಂದೇ ಏಟಿಗೆ ಹಗ್ಗ ಕಡಿದ. ತಮಟೆ ಮತ್ತೆ ಎದ್ದಿತು. ಮೂದೇವಿ ಹುಚ್ಚಯ್ಯನ ತಟ್ಟೆಯಲ್ಲಿದ್ದ ವೀಳ್ಯದೆಲೆಯನ್ನು ಒಂದೂ ಬಿಡದೆ ತಿಂದು, ಕೃಷ್ಣಪ್ಪ ಮಾವನ ಮಂಡಿಗೆ ಒಂದು ಗುಮ್ಮು ಕೊಟ್ಟು, ನನ್ನ ಹಿಂದೆ ಮನೆಗೆ ಬಂತು.

ಅರೆದಿಟ್ಟ ಮಸಾಲೆಗೆ ಎಳೆ ಹಲಸಿನಕಾಯಿ ಬಿತ್ತು. ಕೃಷ್ಣಪ್ಪ ಮಾವ ಎಲೆಯ ಮುಂದೆ ಮುಖ ಊದಿಸಿಕೊಂಡು ಕೂತರು. ಮೂರನೆಯ ಸಲ ಬಡಿಸಿಕೊಳ್ಳುವಾಗ, ಕಣ್ಣು ಮುಚ್ಚಿಕೊಂಡು ಉಂಡರೆ ಬಾಡಿನ ಹಾಗೇ ಇದೆ ಅಂದರು. ಹಾಗಾದರೆ ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಉಣ್ಣಿ ಮಾವ ಅಂದೆ. ನನ್ನ ಬಾಯಿ ಅಷ್ಟು ಹೊತ್ತಿಗೆ ವಾಪಸು ಬಂದಿತ್ತು.

ಸುದ್ದಿ ಬೀದಿ ಬೀದಿ ಹರಡಿತು. ಎಷ್ಟು ಜನ ಹೀಗೆ ಹೆದರಿಕೆಯಲ್ಲಿ ಹರಕೆ ಹೊತ್ತು, ಆಮೇಲೆ ಆ ಪ್ರಾಣಿಯನ್ನೇ ಸಾಕಿ, ಬಾಯಿಬಿಡಲಾರದೆ ಒದ್ದಾಡುತ್ತಿದ್ದರೋ! ಮೊದಲು ಬಂದವಳು ಹಿಂದಿನ ಬೀದಿಯ ಬೀರಮ್ಮ, ಕಂಕುಳಲ್ಲಿ ಹುಂಜ. ನಾನೂ ಬುಡ್ತೀನಿ ಅಂತಲೇ ಅಂದಿದ್ದು ಕಣಕ್ಕ, ಆದರೆ ನನ್ನ ಗಂಡ ಇದನ್ನು ನೋಡಿದಾಗಲೆಲ್ಲ ಮೆಣಸು ಅರಿ ಅಂತಾನೆ, ನಿಮ್ಮಲ್ಲೇ ಇರಲಿ ಅಂದಳು. ಅವಳ ಹಿಂದೆ ಇನ್ನೆರಡು ಮರಿ ಬಂದವು. ಇದೇನು ಸೌದೆ ಡಿಪೋನೋ ದೊಡ್ಡಿಯೋ ಅಂತ ನಾನು ಕೂಗಾಡಿದೆ. ಕೂಗಾಡುತ್ತಲೇ ಸೌದೆಯ ರಾಶಿಯನ್ನು ಒತ್ತರಿಸಿ, ಹಿಂದೆ ಒಂದು ತಡಿಕೆ ಕಟ್ಟಿಸಿದೆ.

ಒಂದು ಸಂಜೆ ಗಾಣದ ಚನ್ನಬಸವಯ್ಯನವರು ಬಂದು ಬಾಗಿಲಲ್ಲಿ ನಿಂತರು. ಅವರ ಗಾಣದ ಎತ್ತಿಗೆ ವಯಸ್ಸಾಗಿತ್ತು, ಒಂದು ಕಣ್ಣು ಹೋಗಿತ್ತು. ಕೊಳ್ಳುವವನು ನಾಳೆ ಬರುತ್ತಾನಂತೆ. ಕೊಂಡ ಎತ್ತು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ನಮ್ಮಲ್ಲಿ ಹರಕೆಯೂ ಇಲ್ಲ, ಬಲಿಯೂ ಇಲ್ಲ, ಬಿಡುವ ಪದ್ಧತಿಯೂ ಇಲ್ಲ, ಏನಂತ ನಿಮ್ಮಲ್ಲಿ ಬಿಡಲಿ ತಾಯಿ ಅಂತ ಅತ್ತೆಯನ್ನು ಕೇಳಿದರು. ಬಾಯಿ ತುಂಬ ಬುಟ್ಟೆ ಅನ್ನಿ, ವಾರಕ್ಕೊಂದು ಸಲ ಹಿಂಡಿ ಕಳಿಸಿ, ಅಷ್ಟು ಸಾಕು ಅಂದರು ಅತ್ತೆ. ಅವರು ಬುಟ್ಟೆ ಅಂದರು. ಆವತ್ತಿನಿಂದ ಅದೇ ನಮ್ಮ ಡಿಪೋದ ಕಾನೂನು. ಬುಡುವವರು ಬಾಯಲ್ಲಿ ಹೇಳಬೇಕು, ಮೇವಿಗೆ ಕೈಲಾದದ್ದು ಕೊಡಬೇಕು, ಆಮೇಲೆ ವಾಪಸು ಕೇಳುವ ಹಾಗಿಲ್ಲ.

ಆ ಎತ್ತು ಜೀವಮಾನವೆಲ್ಲ ಗಾಣ ಸುತ್ತಿದ್ದು. ಬಿಚ್ಚಿ ಬಿಟ್ಟರೂ ಸೌದೆಯ ರಾಶಿಯ ಸುತ್ತ ಸುತ್ತಲು ಶುರುಮಾಡಿತು. ಅದರ ಹಿಂದೆ ಮೂದೇವಿ, ಮೂದೇವಿಯ ಹಿಂದೆ ಮರಿಗಳು, ಅವುಗಳ ಹಿಂದೆ ಬೀರಮ್ಮನ ಹುಂಜ. ಗ್ರಹ ಸುತ್ತುವ ಹಾಗೆ ಸುತ್ತುತ್ತಿದ್ದರೆ ಗಿರಾಕಿಗಳು ಸೌದೆ ಮರೆತು ನೋಡುತ್ತಾ ನಿಲ್ಲುತ್ತಿದ್ದರು. ಒಂದು ವಾರ ಸುತ್ತಿದ ಮೇಲೆ, ಯಾರೂ ಹೊಡೆಯುವವರಿಲ್ಲ ಅಂತ ಎತ್ತಿಗೆ ತಿಳಿಯಿತೇನೋ. ನಿಂತಿತು. ಕೂತು ಮೆಲುಕು ಹಾಕಿತು.

ಮತ್ತೆ ಆಷಾಢ ಬಂತು. ಮತ್ತೆ ಇವರು ಮಳೆಯಲ್ಲಿ ನೆನೆದು ಬಂದರು. ಮಧ್ಯಾಹ್ನ ಊಟ ಬೇಡ ಅಂದು ಕಂಬಳಿ ಹೊದ್ದು ಮಲಗಿದರು. ಹಣೆ ಮುಟ್ಟಿ ನೋಡಿದೆ, ಕಾದ ಹೆಂಚು. ಅಮ್ಮ ಲೆಕ್ಕ ಚುಕ್ತಾ ಮಾಡಲು ಬಂದಳು ಅನ್ನಿಸಿತು. ಕಿಟಕಿಯ ಆಚೆ ಮಳೆಯಲ್ಲಿ ಮೂದೇವಿ ಕಣ್ಣು ಮುಚ್ಚಿಕೊಂಡು ನೆನೆಯುತ್ತಾ ನಿಂತಿತ್ತು. ಅತ್ತೆ ಮಗನ ತಲೆಯ ಹತ್ತಿರ ಕೂತು ಒದ್ದೆ ಬಟ್ಟೆ ಇಡುತ್ತಿದ್ದರು. ಮಾರಿಹಬ್ಬದಿಂದಲೂ ನನ್ನ ಒಳಗೆ ಕೊರೆಯುತ್ತಿದ್ದ ಮಾತನ್ನು ಆಗ ಕೇಳಿದೆ.

“ಅತ್ತೆ, ನಿಜ ಹೇಳಿ. ಅವತ್ತು ನಾನು ಬುಡ್ತೀನಿ ಅಂತಲೇ ಅಂದೆನಾ?”

ಅತ್ತೆ ಬಟ್ಟೆ ಹಿಂಡಿ ಮತ್ತೆ ಹಣೆಗೆ ಹಾಕಿದರು.

“ನಂಗೇನು ಗೊತ್ತು? ನಂಗೆ ಏನೂ ಕೇಳಿಸ್ಲಿಲ್ಲ ಕಣವ್ವ. ನಾನು ಅಳ್ತಿದ್ದೆ.”

ಇದ್ದೊಬ್ಬ ಮಗನ ಪ್ರಾಣ. ತಕ್ಕಡಿಯಲ್ಲಿ ತೂಗಬೇಡ ಅಂದಿದ್ದವರು ಇವರೇ. ಗೊತ್ತಿಲ್ಲದೆ ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದೆ.

“ನೀನು ಈ ಮನೆಗೆ ಬಂದಾಗಿಂದ ಬಾಯಿ ಮುಚ್ಚಿದ್ದು ಅವತ್ತೊಂದೇ ದಿನ” ಅಂದರು. “ನನ್ನ ಕೈಲೇ ನೋಡಕ್ಕಾಗ್ಲಿಲ್ಲ. ಅಮ್ಮನೂ ಹೆಣ್ಣಲ್ವಾ, ಅವಳ ಕೈಲಿ ಆಯ್ತದಾ ಅಂದ್ಕೊಂಡೆ.”

ನಾನು ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರು ಒಂದು ಕೈ ಮಗನ ಹಣೆಯ ಮೇಲೆ, ಒಂದು ಕೈ ನನ್ನ ತಲೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಆಮೇಲೆ ಗುಡಿಯ ದಿಕ್ಕಿಗೆ ತಿರುಗಿ ಅಮ್ಮಾ ತಾಯಿ ಅಂತ ಶುರುಮಾಡಿದರು. ನಾನು ಗಾಬರಿಯಾಗಿ ಎದ್ದು ಕೂತು, ಅತ್ತೆ, ಮಾತು ನೋಡಿಕೊಂಡು ಆಡಿ ಅಂದೆ. ಅವರಿಗೆ ಆ ಸಂಕಟದಲ್ಲೂ ನಗು ಬಂತು. ಕಟುಕರ ಹಗ್ಗದಿಂದ ಇನ್ನೊಂದು ಜೀವ ಬಿಡಿಸಿ ತಂದು ಬುಡ್ತೀವಿ ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಮುಗಿಸಿದರು.

ಮಾರನೆಯ ದಿನ ಬೆಳಿಗ್ಗೆ ಇವರು ಎದ್ದು ಕೂತು, ನಿಂಬೆಕಾಯಿ ಉಪ್ಪಿನಕಾಯಿ ಇದೆಯಾ ಅಂದರು. ಬರಿಯ ನೆಗಡಿ ಜ್ವರ. ಈ ಸಲ ಅಟ್ಟಕ್ಕೆ ಹತ್ತಿದ್ದು ನಾನು. ಇಡೀ ಜಾಡಿಯನ್ನು ತಂದು ಅವರ ಮುಂದೆ ಕುಕ್ಕಿದೆ. ತಿನ್ನಿ, ಎಲ್ಲಾ ತಿನ್ನಿ ಅಂತ ಬೈದೆ.

ಮುಂದಿನ ಸಂತೆಗೆ ನಾನೂ ಅತ್ತೆಯೂ ಹೋದೆವು. ಪ್ರಾಣಿ ಗುರುತಿಸಲು ಕೃಷ್ಣಪ್ಪ ಮಾವನೂ ಬಂದರು. ಕಟುಕರ ಗೂಟದಲ್ಲಿ ಸಾಲಾಗಿ ಕಟ್ಟಿದ್ದರು. ಮಾವ ಅಭ್ಯಾಸಬಲದಿಂದ ಒಂದೊಂದರ ಬೆನ್ನನ್ನೂ ಹಿಚುಕುತ್ತಾ ಹೋದರು. ಕೊನೆಯಲ್ಲಿ ಒಂದು ಮುದಿ ಮೇಕೆ, ಹಿಂಗಾಲು ಕುಂಟು. ಅದರ ಬೆನ್ನು ಹಿಚುಕಿ, ಇದರಲ್ಲಿ ಏನೂ ಇಲ್ಲ ಕಣವ್ವ, ಬರೀ ಮೂಳೆ ಅಂದರು. ಹಾಗಾದರೆ ಅದೇ ಸರಿ ಅಂದೆ. ದುಡ್ಡು ಎಣಿಸಿ ಕೊಟ್ಟೆ. ಮಾವ ಹಗ್ಗ ಬಿಚ್ಚಿ, ಮೇಕೆಗೆ ನಡೆಯಲು ಕಷ್ಟ ಅಂತ ಹೆಗಲ ಮೇಲೆ ಹೊತ್ತುಕೊಂಡರು. ದಾರಿಯಲ್ಲಿ ಯಾರೋ ಕೇಳಿದ್ದಕ್ಕೆ ನಮ್ಮಜ್ಜಿ ಅಂದರು.

ಗುಡಿಯ ಮುಂದೆ ಹುಚ್ಚಯ್ಯ ಚೊಂಬು ಹಿಡಿದು ಕಾದಿದ್ದ. ಈ ಸಲ ನನ್ನ ನಾಲಿಗೆ ಒಣಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಯವರನ್ನು ಕರೆಯುವಾಗ ಎತ್ತುತ್ತೇನಲ್ಲ, ಆ ದನಿಯನ್ನು ಎತ್ತಿ, “ತಾಯಿ, ಈ ಮೇಕೆನ ನಿಂಗೆ ಬುಡ್ತೀನಿ” ಅಂದೆ. ಬೇವಿನ ಮರದ ಕಾಗೆಗಳೆಲ್ಲ ಹಾರಿದವು.

ಅತ್ತೆ ನನ್ನ ಮಗ್ಗುಲಲ್ಲೇ ನಿಂತಿದ್ದರು.

“ಈಗ ಕೇಳಿಸ್ತು ಬುಡು” ಅಂದರು.